ತುಪ್ಪದ 0405 ಹೇಗೆ 261 ಆಗುತ್ತೆ?

1/4
ಪ್ರಾಜೆಕ್ಟ್‌ಗೆ ಅಂತ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡ್ತಿರೋರೇ, ಒಂದ್ನಿಮಿಷ. ಜಿಎಸ್‌ಟಿ ದರ, ಎಚ್‌ಎಸ್‌ಎನ್ ನಂಬರ್ ಎಲ್ಲ ಪ್ರೋಗ್ರಾಂ ಒಳಗೆ ತುರುಕದೆ ಬೇರೆ ಸೆಟ್ಟಿಂಗ್ಸ್ ಫೈಲಲ್ಲಿ ಇಡ್ತೀರಲ್ಲ, ಅದು ಸರಿ. ಆದ್ರೆ ಆ ಫೈಲನ್ನ ಯಾಮಲ್‌ನಲ್ಲಿ ಬರೀಬೇಡಿ. ಯೂಟ್ಯೂಬಲ್ಲಿ ಎಲ್ಲರೂ ಬಳಸ್ತಾರೆ, ನೋಡೋಕೆ ನೀಟಾಗಿದೆ ಅನ್ನೋದು ಒಂದು ಕಾರಣನಾ?

2/4
ತುಪ್ಪದ ಎಚ್‌ಎಸ್‌ಎನ್ 0405. ಯಾಮಲ್ ಫೈಲಲ್ಲಿ ಕೋಟ್ ಹಾಕದೆ ಹಾಗೇ ಬರೆದು, ಪೈಥಾನ್‌ನ ಪೈಯಾಮಲ್ ಲೈಬ್ರರಿಯಿಂದ ಓದಿಸಿ ನೋಡಿ. 261 ಬರುತ್ತೆ! ಮುಂದೆ ಸೊನ್ನೆ ಇದ್ದು, ಉಳಿದ ಅಂಕಿಗಳಲ್ಲಿ 8, 9 ಇಲ್ಲದಿದ್ರೆ ಅದು 8ರ ಆಧಾರದ ಸಂಖ್ಯೆ ಅಂತ ತಾನೇ ಅಂದ್ಕೊಂಡುಬಿಡುತ್ತೆ. 4×64 + 5, ಲೆಕ್ಕ ಹಾಕಿ.

ಮಜಾ ಏನಂದ್ರೆ ಕಾಫಿಯ 0901 ಸರಿಯಾಗೇ ಬರುತ್ತೆ, ಅದರಲ್ಲಿ 9 ಇದೆಯಲ್ಲ. ಕಾಫಿ ಹಾಕಿ ಟೆಸ್ಟ್ ಮಾಡಿ "ವರ್ಕ್ ಆಗ್ತಿದೆ" ಅಂತ ಡೆಮೊ ಕೊಡ್ತೀರಿ. ಅಂಗಡಿಯವರು ತುಪ್ಪ ಮಾರಿದ ದಿನ ಬಿಲ್ ಮೇಲೆ ತಪ್ಪು ನಂಬರ್. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಎಕ್ಸೆಲ್ ಮುಂದಿನ ಸೊನ್ನೆ ನುಂಗಿದ್ರೆ ಬೈತೀವಿ. ಇದು ಇಡೀ ನಂಬರನ್ನೇ ಬದಲಿಸುತ್ತೆ ಕಣ್ರೀ.

3/4
"2009ರ ಯಾಮಲ್ 1.2ರಲ್ಲೇ ಸರಿ ಮಾಡಿದ್ದಾರೆ" ಅಂತ ಒಬ್ರು ಬರ್ತೀರಿ, ಗೊತ್ತು. ಪೈಯಾಮಲ್ ಇನ್ನೂ 1.1ರ ನಿಯಮದಲ್ಲೇ ಓದುತ್ತೆ. "ಕೋಟ್ ಹಾಕಿದ್ರಾಯ್ತು" ಅಂತ ಇನ್ನೊಬ್ರು. ನೀವು ಹಾಕ್ತೀರಿ. ನಾಳೆ ಆ ಫೈಲ್ ತಿದ್ದೋದು ಅಂಗಡಿಯಲ್ಲಿ ಲೆಕ್ಕ ಬರೆಯೋ ಅಣ್ಣ. ಅವ್ರಿಗೆ ಯಾರು ಹೇಳ್ತಾರೆ?

ಟಾಮಲ್, ಜೇಸನ್ ಎರಡೂ ಕೋಟ್ ಇಲ್ಲದ 0405 ಕಂಡ್ರೆ ಫೈಲನ್ನೇ ಓದಲ್ಲ, ಎರರ್ ಕೊಟ್ಟು ನಿಲ್ತವೆ. ಬೇಕಾಗಿರೋದು ಅದೇ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ರೆ ತಪ್ಪಿದೆ ಅಂತಾದ್ರೂ ಗೊತ್ತಾಗುತ್ತೆ. ಟ್ಯಾಲಿ ಆಗಿಯೂ ಒಳಗೆ ತಪ್ಪಿದ್ರೆ? ಫಸ್ಟ್ ಇಯರಲ್ಲೇ ಓದಿದೀವಿ.

4/4
ಹಾಗಾದ್ರೆ ಜೇಸನ್ ಯಾಕೆ ಬೇಡ? ಕಾಮೆಂಟ್ ಬರೆಯೋಕೆ ಜಾಗ ಇಲ್ಲ. ತುಪ್ಪದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 12%ರಿಂದ 5%ಗೆ ಇಳೀತು. ವೌಚರ್‌ಗೆ ನರೇಶನ್ ಬರೆದ ಹಾಗೆ, ದರದ ಪಕ್ಕದಲ್ಲೇ ಆ ತಾರೀಕು ಇರಬೇಕು. ಟಾಮಲ್‌ನಲ್ಲಿ # ಹಾಕಿ ಬರೀಬಹುದು. ಅದನ್ನ ಓದೋ ಟಾಮ್‌ಲಿಬ್ ಪೈಥಾನ್ 3.11ರಿಂದ ಜೊತೆಗೇ ಬರುತ್ತೆ, ಇನ್‌ಸ್ಟಾಲ್ ಮಾಡೋ ಗೋಜಿಲ್ಲ. ಒಂದರೊಳಗೊಂದು ಐದಾರು ಹಂತ ಇದ್ರೆ ಟಾಮಲ್ ಗಲೀಜಾಗಿ ಕಾಣುತ್ತೆ, ಒಪ್ತೀನಿ. ಕಿರಾಣಿ ಬಿಲ್ಲಿಗೆ ಅಷ್ಟು ಹಂತ ಯಾಕ್ರೀ?

ಗಿಟ್‌ಹಬ್ ಆಕ್ಷನ್ಸ್ ಯಾಮಲ್ಲೇ ಕೇಳುತ್ತೆ, ಅಲ್ಲಿ ಬೇರೆ ದಾರಿ ಇಲ್ಲ. ಪೈಥಾನ್ ವರ್ಷನ್ 3.10 ಅಂತ ಕೋಟ್ ಇಲ್ಲದೆ ಕೊಟ್ರೆ 3.1 ಆಗುತ್ತೆ, ನೋಡ್ಕೊಳ್ಳಿ.