ಕಳ್ಳನಿಗೆ ಚಪ್ಪಾಳೆ, ಫೌಜದಾರನಿಗೆ?

ಜಪಾನಿನ ‘ಲುಪಿನ್ ತೃತೀಯ’ ಒಬ್ಬ ಹಾಸ್ಯಗಾರ ಕಳ್ಳನ ಕಾರ್ಟೂನ್ ಧಾರಾವಾಹಿ. 1971ರಲ್ಲಿ ಟಿ.ವಿ.ಗೆ ಬಂದಾಗ ನೋಡುವವರೇ ಕಡಿಮೆ. 23 ಕಂತಿಗೇ ಮುಗಿಯಿತು. ಮರುಪ್ರಸಾರದಲ್ಲಿ ಜನ ಮೆಚ್ಚಿದರು. 1977ರಲ್ಲಿ ಶುರುವಾದ ಎರಡನೇ ಸರಣಿ 155 ಕಂತು ಓಡಿತು.

ಪ್ರೇಕ್ಷಕರ ವಾದ ಮಾತ್ರ ಇನ್ನೂ ನಿಂತಿಲ್ಲ. 1979ರ ‘ಕಾಗ್ಲಿಯೋಸ್ತ್ರೋ ಕೋಟೆ’ ಸಿನಿಮಾದಲ್ಲಿ ನಿರ್ದೇಶಕ ಮಿಯಾಝಾಕಿ ಕಳ್ಳನನ್ನು ತೀರಾ ಸಂಭಾವಿತ ಮಾಡಿಬಿಟ್ಟರು ಅಂತ ಕೆಲವರು. ಅದೇ ಚೆಂದ ಅಂತ ಹಲವರು.

ನನ್ನದು ಬೇರೆಯೇ ಮಾತು. ಅಡತಿ ಅಂಗಡಿಯ ಗಲ್ಲಾದಲ್ಲಿ ಖೋಟಾ ನೋಟು ಬಂದು ಪೆಟ್ಟು ತಿಂದವ ನಾನು. ಈ ಸಿನಿಮಾದಲ್ಲಿ ಖೋಟಾ ನೋಟು ಅಚ್ಚು ಹಾಕಿಸುವವನು ಆ ಪುಟ್ಟ ರಾಜ್ಯವನ್ನಾಳುವ ಕೌಂಟನೇ! ಗೊತ್ತಾದರೂ ದೊಡ್ಡ ದೇಶಗಳವರು ಕೈಕಟ್ಟಿ ಕೂರುತ್ತಾರೆ. ಆಗ, ಸದಾ ಪೇಚಿಗೆ ಸಿಕ್ಕು ನಮ್ಮನ್ನು ನಗಿಸುವ ಝೆನಿಗಾತಾ ಫೌಜದಾರ, ಲುಪಿನ್‌ನನ್ನು ಬೆನ್ನಟ್ಟುವ ನೆಪದಲ್ಲಿ ಆ ಅಚ್ಚುಕೂಟವನ್ನು ಟಿ.ವಿ. ಕ್ಯಾಮೆರಾಕ್ಕೆ ತೋರಿಸಿಯೇ ಬಿಡುತ್ತಾನೆ.

ಕಳ್ಳನನ್ನು ಕಂಡು ನಗೋಣ, ತಪ್ಪಿಲ್ಲ. ಆದರೆ ವ್ಯಾಪಾರ ನಡೆಯಬೇಕಾದರೆ ಮೇಲಿನವರ ಕಣ್ಸನ್ನೆಗೆ ಕಾಯದ ಇಂಥ ಫೌಜದಾರನೇ ಬೇಕು. ಚಪ್ಪಾಳೆಯಲ್ಲಿ ಅವನಿಗೂ ಒಂದು ಪಾಲಿರಲಿ.