1949: ದಂಡು, ಪೇಟೆ ಒಂದಾದ ವರ್ಷ

ಮಕ್ಕಳೇ, ಈ ವಾರ 1949ರ ಸರದಿ. ನಿಮ್ಮ ಪಾಠದ ಪುಸ್ತಕದಲ್ಲಿ 1947 ದಪ್ಪ ಅಕ್ಷರದಲ್ಲಿರುತ್ತದೆ, 1950 ಕೂಡ ಇರುತ್ತದೆ. ಆಗಸ್ಟ್ 15, ಜನವರಿ 26 ಎರಡಕ್ಕೂ ಶಾಲೆಯಲ್ಲಿ ಬಾವುಟ ಹಾರಿಸಿ ಸಿಹಿ ಹಂಚುತ್ತಾರೆ. ನಡುವಿನ 1949ಕ್ಕೆ ರಜೆಯೂ ಇಲ್ಲ, ಸಿಹಿಯೂ ಇಲ್ಲ. ಆದರೆ ಹೊಸ ಮನೆಗೆ ಹೋದವರು ಮೊದಲ ದಿನ ಹಾಲುಕ್ಕಿಸಿದರೆ ಸಾಕೇ? ಪಾತ್ರೆ ಪಡಗ ಜೋಡಿಸಬೇಕು, ಬೀಗದ ಕೈ ಯಾರ ಹತ್ತಿರ ಇರಬೇಕೆಂದು ತೀರ್ಮಾನಿಸಬೇಕು, ಮನೆ ಪತ್ರದಲ್ಲಿ ಹೆಸರು ಬದಲಾಯಿಸಬೇಕು. ನಮ್ಮ ದೇಶ ಆ ಕೆಲಸವನ್ನು ಮಾಡಿದ್ದು 1949ರಲ್ಲಿ. ನಮ್ಮ ಬೆಂಗಳೂರೂ ಅದೇ ವರ್ಷ ಅದೇ ಕೆಲಸ ಮಾಡಿತು.

ವರ್ಷ ಶುರುವಾದದ್ದೇ ಒಂದು ಒಳ್ಳೆಯ ಸುದ್ದಿಯಿಂದ. ಜನವರಿ 1ರಂದು ಕಾಶ್ಮೀರದಲ್ಲಿ ಕದನವಿರಾಮ ಜಾರಿಗೆ ಬಂತು. ಅದಾದ ಎರಡು ವಾರಕ್ಕೆ, ಜನವರಿ 15ರಂದು, ಭಾರತದ ಸೇನೆಯ ಚುಕ್ಕಾಣಿ ಮೊದಲ ಸಲ ಭಾರತೀಯರೊಬ್ಬರ ಕೈಗೆ ಬಂತು. ಬ್ರಿಟಿಷ್ ಜನರಲ್ ರಾಯ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡವರು ಕೊಡಗಿನ ಶನಿವಾರಸಂತೆಯಲ್ಲಿ ಹುಟ್ಟಿದ ಕೆ. ಎಂ. ಕಾರ್ಯಪ್ಪ. ಜನವರಿ 15ನ್ನು ಇಂದಿಗೂ ಸೇನಾ ದಿನವೆಂದು ಆಚರಿಸುವುದು ಅದಕ್ಕೇ. ನಾವೆಲ್ಲ ಬಾಯಿತಪ್ಪದೆ ರೆಸಿಡೆನ್ಸಿ ರಸ್ತೆ ಎನ್ನುತ್ತೇವಲ್ಲ, ಅದರ ಈಗಿನ ಹೆಸರು ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆ. ಬ್ರಿಟಿಷ್ ರೆಸಿಡೆಂಟರ ನೆನಪಿನ ರಸ್ತೆಗೆ ನಮ್ಮ ಸೇನಾನಿಯ ಹೆಸರು ಬಂತು.

ನನ್ನಂಥ ಬ್ಯಾಂಕಿನವನಿಗೆ ಜನವರಿ 1 ಇನ್ನೊಂದು ಕಾರಣಕ್ಕೂ ಮುಖ್ಯ. ರಿಸರ್ವ್ ಬ್ಯಾಂಕ್ 1935ರ ಏಪ್ರಿಲ್ 1ರಂದು ಆರಂಭವಾದಾಗ ಅದು ಷೇರುದಾರರ ಬ್ಯಾಂಕು. ಬಂಡವಾಳ 5 ಕೋಟಿ ರೂಪಾಯಿ, ಷೇರಿನ ಮುಖಬೆಲೆ 100 ರೂಪಾಯಿ. 1949ರ ಜನವರಿ 1ರಂದು ಸರ್ಕಾರ ಒಂದೊಂದು ಷೇರಿಗೆ 118 ರೂಪಾಯಿ 10 ಆಣೆ ಲೆಕ್ಕದಲ್ಲಿ ಪರಿಹಾರ ಕೊಟ್ಟು ಬ್ಯಾಂಕನ್ನು ದೇಶದ ಸ್ವತ್ತು ಮಾಡಿತು. (ಆಣೆ ಎಂದರೇನೆಂದು ತಾತನನ್ನು ಕೇಳಿ. ರೂಪಾಯಿಗೆ 16 ಆಣೆ. 1957ರಲ್ಲಿ 100 ಪೈಸೆಯ ಲೆಕ್ಕ ಬಂತು.) ಮಾರ್ಚ್ 16ಕ್ಕೆ ಬ್ಯಾಂಕುಗಳ ಕಾಯ್ದೆಯೂ ಜಾರಿಗೆ ಬಂತು. ಬ್ಯಾಂಕು ನಡೆಸಬೇಕಾದರೆ ರಿಸರ್ವ್ ಬ್ಯಾಂಕಿನ ಪರವಾನಗಿ ಬೇಕು, ಅದು ಲೆಕ್ಕಪುಸ್ತಕ ತೋರಿಸು ಎಂದರೆ ತೋರಿಸಬೇಕು ಎಂದಾಯಿತು. ಹಿಂದೆ ಬ್ಯಾಂಕುಗಳು ಅಣಬೆಯಂತೆ ಎದ್ದು ಮುಳುಗುತ್ತಿದ್ದವು. 1938ರಲ್ಲಿ ಟ್ರಾವಂಕೂರ್ ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕ್ ಬಾಗಿಲು ಹಾಕಿದಾಗ ದುಡ್ಡು ಇಟ್ಟವರು ಬೀದಿಯಲ್ಲಿ ನಿಂತರು. ಅಜ್ಜಿ ಇಂದು ನೆಮ್ಮದಿಯಿಂದ ಪಾಸ್‌ಬುಕ್ಕನ್ನು ಬೀರುವಿನಲ್ಲಿಟ್ಟು ನಿದ್ದೆ ಮಾಡುತ್ತಾರಲ್ಲ, ಅದರ ಹಿಂದೆ ಈ ಕಾಯ್ದೆಯ ಪಾಲೂ ಇದೆ.

ಅದೇ ವರ್ಷ ಹೊಸ ವಿನ್ಯಾಸದ 1 ರೂಪಾಯಿ ನೋಟು ಬಂತು. ರಾಜನ ಚಿತ್ರ ಹೋಗಿ ಸಾರನಾಥದ ಸಿಂಹಗಳು ಬಂದವು. ಸೆಪ್ಟೆಂಬರಿನಲ್ಲಿ ಬ್ರಿಟನ್ ತನ್ನ ಪೌಂಡಿನ ಬೆಲೆ ಇಳಿಸಿದಾಗ ನಮ್ಮ ರೂಪಾಯಿಯೂ ಇಳಿಯಿತು. ಡಾಲರಿಗೆ ಸುಮಾರು 3 ರೂಪಾಯಿ 5 ಆಣೆ ಇದ್ದದ್ದು 4 ರೂಪಾಯಿ 12 ಆಣೆಯ ಮಟ್ಟಕ್ಕೆ ಹೋಯಿತು. ಈಗಿನ ದರ ಎಷ್ಟೆಂದು ಇಂದಿನ ಪತ್ರಿಕೆಯಲ್ಲಿ ನೋಡಿ.

ಈಗ ಒಂದು ಮನೆತನದ ಮಾತು. ಮಂಗಳೂರಿನ ಬೆನಗಲ್ ಸಹೋದರರಲ್ಲಿ ಮೂವರು 1949ರಲ್ಲಿ ದೇಶದ ಕೆಲಸದಲ್ಲಿದ್ದರು. ಬೆನಗಲ್ ನರಸಿಂಗ ರಾವ್ ಸಂವಿಧಾನ ಸಭೆಯ ಸಲಹೆಗಾರರಾಗಿ ಮೊದಲ ಕರಡನ್ನು ತಯಾರಿಸಿ ಕೊಟ್ಟಿದ್ದರು. ತಮ್ಮ ರಾಮರಾವ್ ಜುಲೈ 1ರಂದು ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. 1957ರವರೆಗೆ ಆ ಕುರ್ಚಿಯಲ್ಲಿದ್ದರು. ಅಷ್ಟು ದೀರ್ಘಕಾಲ ಇದ್ದ ಗವರ್ನರ್ ಇನ್ನೊಬ್ಬರಿಲ್ಲ. ಇನ್ನೊಬ್ಬ ತಮ್ಮ ಪತ್ರಕರ್ತ ಶಿವರಾವ್ ಸಂವಿಧಾನ ಸಭೆಯ ಸದಸ್ಯರು. ಬಿ. ಆರ್. ಅಂಬೇಡ್ಕರ್ ಅವರು ನವೆಂಬರ್ 25ರ ತಮ್ಮ ಪ್ರಸಿದ್ಧ ಭಾಷಣದಲ್ಲಿ, ಸಂವಿಧಾನ ರಚನೆಯ ಶ್ರೇಯ ತಮ್ಮೊಬ್ಬರದೇ ಅಲ್ಲ ಎಂದು ನರಸಿಂಗ ರಾಯರನ್ನು ನೆನೆದರು. ದೊಡ್ಡವರ ಗುಣ ನೋಡಿ, ಮಕ್ಕಳೇ.

ಮರುದಿನ, ನವೆಂಬರ್ 26ರಂದು, ಸಂವಿಧಾನ ಅಂಗೀಕಾರವಾಯಿತು. 395 ವಿಧಿಗಳು, 8 ಅನುಸೂಚಿಗಳು. ಎಂಟನೆಯ ಅನುಸೂಚಿಯ 14 ಭಾಷೆಗಳಲ್ಲಿ ನಮ್ಮ ಕನ್ನಡವೂ ಒಂದು. ಅದರ ಹಿಂದಿನ ದಿನವೇ ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್ ಈ ಸಂವಿಧಾನವನ್ನು ಮೈಸೂರೂ ಒಪ್ಪುತ್ತದೆ ಎಂದು ಘೋಷಣೆ ಹೊರಡಿಸಿದ್ದರು. ಆಗ ಮೈಸೂರಿನ ಮುಖ್ಯಮಂತ್ರಿ ಕೆ. ಚೆಂಗಲರಾಯ ರೆಡ್ಡಿ, ನಮ್ಮ ಪೂರ್ವದಿಕ್ಕಿನ ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯವರು.

ಇಷ್ಟು ದೇಶದ ಮಾತಾಯಿತು. ಇನ್ನು ನಮ್ಮ ಊರಿಗೆ ಬರೋಣ.

ನಮ್ಮ ಕಡೆಯ ರೈಲು ನಿಲ್ದಾಣವನ್ನು ಕನ್ನಡದಲ್ಲಿ ಬೆಂಗಳೂರು ದಂಡು ಎನ್ನುತ್ತಾರೆ. ದಂಡು ಎಂದರೆ ಸೈನ್ಯ. 1809ರ ಹೊತ್ತಿಗೆ ಬ್ರಿಟಿಷರು ಹಲಸೂರಿನ ಬಳಿ ತಮ್ಮ ಸೈನ್ಯಕ್ಕೆ ನೆಲೆ ಮಾಡಿಕೊಂಡರು. ಸೈನ್ಯದ ಹಿಂದೆ ಅದಕ್ಕೆ ದಿನಸಿ, ಬಟ್ಟೆ, ಹಾಲು, ಮಾಂಸ ಒದಗಿಸುವವರು ಬಂದರು. ಅವರಲ್ಲಿ ತಮಿಳು, ಉರ್ದು, ತೆಲುಗು ಆಡುವವರು ಬಹಳ. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂತಿರುಗಿಸಿದಾಗಲೂ ಬ್ರಿಟಿಷರು ದಂಡನ್ನು ಬಿಟ್ಟುಕೊಡಲಿಲ್ಲ. ಹೀಗಾಗಿ ಕಬ್ಬನ್ ಪಾರ್ಕಿನ ಆ ಕಡೆ ಪೇಟೆ ಮಹಾರಾಜರದು, ಈ ಕಡೆ ದಂಡು ರೆಸಿಡೆಂಟರದು. ಎರಡಕ್ಕೂ ಬೇರೆ ಬೇರೆ ಪುರಸಭೆ, ಬೇರೆ ಪೊಲೀಸು, ಬೇರೆ ನ್ಯಾಯಾಲಯ. ಕೃಷ್ಣರಾಜಪುರ ಮತ್ತೆ ಮೈಸೂರಿನ ನೆಲ. ಅಂದರೆ ಶಿವಾಜಿನಗರ, ಹಲಸೂರುಗಳೆಲ್ಲ ಸುತ್ತ ಮೈಸೂರು ಇದ್ದ ಒಂದು ದ್ವೀಪ.

1947ರ ಜುಲೈನಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ವಾರ ಮೊದಲು, ದಂಡು ಮೈಸೂರಿಗೆ ವಾಪಸಾಯಿತು. ಆದರೂ ಎರಡು ಪುರಸಭೆಗಳು ಹಾಗೆಯೇ ಉಳಿದವು. 1949ರ ಡಿಸೆಂಬರ್ 8ರಂದು ಅವೆರಡನ್ನೂ ಸೇರಿಸಿ ಬೆಂಗಳೂರು ನಗರ ಕಾರ್ಪೊರೇಷನ್ ಮಾಡಿದರು. ಎರಡು ಶಾಖೆಗಳನ್ನು ಒಂದು ಮಾಡಿದಾಗ ಏನಾಗುತ್ತದೆಂದು ಬ್ಯಾಂಕಿನಲ್ಲಿದ್ದವರಿಗೆ ಗೊತ್ತು. ಎರಡು ಲೆಡ್ಜರ್, ಎರಡು ಬಗೆಯ ರೂಢಿ. ಕೂಡಿಸುವ ಲೆಕ್ಕ ಸುಲಭ, ಜನರನ್ನು ಕೂಡಿಸುವುದು ಕಷ್ಟ. ಒಂದೂವರೆ ಶತಮಾನಕ್ಕೆ ಹತ್ತಿರ ಬೇರೆಯಾಗಿ ಬದುಕಿದ ದಂಡಿನವರು ಈ ಊರಿನಲ್ಲಿ ನೆಂಟರೋ, ಮನೆಯವರೋ?

ಈ ಪ್ರಶ್ನೆಗೆ ಕಾಗದದ ಮೇಲಿನ ಉತ್ತರ ಹನ್ನೆರಡು ದಿನ ಮುಂಚೆ ದೆಹಲಿಯಲ್ಲಿ ಸಿಕ್ಕಿತ್ತು. ಹಿಂದೆ ಮತ ಹಾಕಲು ಆಸ್ತಿ ಇರಬೇಕಿತ್ತು, ಇಲ್ಲವೇ ತೆರಿಗೆ ಕಟ್ಟುತ್ತಿರಬೇಕಿತ್ತು, ಇಲ್ಲವೇ ಓದಿರಬೇಕಿತ್ತು. ಹೊಸ ಸಂವಿಧಾನ 21 ವರ್ಷ ತುಂಬಿದ ಪ್ರತಿಯೊಬ್ಬ ಪ್ರಜೆಗೂ ಮತ ಕೊಟ್ಟಿತು. (1989ರಿಂದ ಅದು 18 ವರ್ಷ.) ಯಾವ ಭಾಷೆ, ಯಾವ ಬೀದಿ ಎಂದು ಕೇಳಲಿಲ್ಲ. ಪೇಟೆಯ ಜವಳಿ ವ್ಯಾಪಾರಿಗೂ ಒಂದೇ ಓಟು, ರಸೆಲ್ ಮಾರ್ಕೆಟ್ಟಿನ ಹೂವಿನವಳಿಗೂ ಒಂದೇ ಓಟು.

ಉಳಿದದ್ದನ್ನು ಜನರೇ ಮಾಡಿಕೊಂಡರು. ನಾನು ಶಿವಾಜಿನಗರದ ಒಂದು ಶಾಖೆಯಲ್ಲಿ ಗುಮಾಸ್ತನಾಗಿದ್ದಾಗ ಕೌಂಟರಿನ ಮುಂದೆ ಒಂದೇ ಸಾಲಿನಲ್ಲಿ ಉರ್ದು ಸಹಿ, ತಮಿಳು ಸಹಿ, ಕನ್ನಡ ಸಹಿ, ಹೆಬ್ಬೆಟ್ಟು ಎಲ್ಲವೂ ಬರುತ್ತಿದ್ದವು. ಚಲನ್ ತುಂಬಲು ಬಾರದವರಿಗೆ ಹಿಂದೆ ನಿಂತವರು ಬರೆದುಕೊಡುತ್ತಿದ್ದರು. ಭಾಷೆ ಗೊತ್ತಿಲ್ಲವೆಂದು ಯಾರ ದುಡ್ಡೂ ಜಮಾ ಆಗದೆ ಉಳಿಯಲಿಲ್ಲ. ಆ ಸಾಲಿನಲ್ಲಿ ನಾನೂ ಎರಡು ಭಾಷೆ ಹೆಚ್ಚಿಗೆ ಕಲಿತೆ. ಅಲ್ಲಿ ಬಂದವರೂ ಅಷ್ಟಿಷ್ಟು ಕನ್ನಡ ಕಲಿತರು.

ಅದೇ 1949ರಲ್ಲಿ ಹೋದವರನ್ನೂ ಬಂದವರನ್ನೂ ಹೇಳಿಬಿಡುತ್ತೇನೆ. ಮಾರ್ಚ್ 2ರಂದು ಸರೋಜಿನಿ ನಾಯ್ಡು ತೀರಿಕೊಂಡರು. ಏಪ್ರಿಲ್ 3ರಂದು ಲಕ್ನೋದಲ್ಲಿ ತಮ್ಮ ಸಂಸ್ಥೆಯ ಕಟ್ಟಡಕ್ಕೆ ಅಡಿಗಲ್ಲು ಹಾಕಿಸಿದ ಸಸ್ಯವಿಜ್ಞಾನಿ ಬೀರಬಲ್ ಸಾಹ್ನಿ ಅದಾದ ಒಂದೇ ವಾರಕ್ಕೆ ಹೋದರು. ಫೆಬ್ರವರಿ 12ರಂದು ಭದ್ರಾವತಿಯಲ್ಲಿ ಜಿ. ಆರ್. ವಿಶ್ವನಾಥ್, ಜುಲೈ 10ರಂದು ಮುಂಬೈಯಲ್ಲಿ ಸುನಿಲ್ ಗಾವಸ್ಕರ್ ಹುಟ್ಟಿದರು. ವಿಶ್ವನಾಥ್ ಕಾನ್ಪುರದಲ್ಲಿ ತಮ್ಮ ಮೊದಲ ಟೆಸ್ಟಿನ ಮೊದಲ ಇನಿಂಗ್ಸಿನಲ್ಲಿ ಸೊನ್ನೆಗೆ ಔಟಾಗಿ ಎರಡನೆಯದರಲ್ಲಿ 137 ಹೊಡೆದರು. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದ ದಿನ ಇದನ್ನು ನೆನಪಿಸಿಕೊಳ್ಳಿ.

1949ರಲ್ಲಿ ಒಂದಾದ ಊರು ಬೆಳೆಯುತ್ತಲೇ ಹೋಯಿತು. 2007ರಲ್ಲಿ ಕೆ. ಆರ್. ಪುರವೂ ಬೆಂಗಳೂರಿನೊಳಗೆ ಬಂತು. 2025ರ ಸೆಪ್ಟೆಂಬರಿನಲ್ಲಿ ಆಡಳಿತದ ಅನುಕೂಲಕ್ಕೆಂದು ನಗರವನ್ನು ಐದು ಪಾಲಿಕೆಗಳಾಗಿ ಮಾಡಿದರು. ಕೆ. ಆರ್. ಪುರ ಪೂರ್ವ ಪಾಲಿಕೆಗೆ ಹೋಯಿತು. ಆದರೆ ಶಿವಾಜಿನಗರ, ಚಿಕ್ಕಪೇಟೆ ಎರಡೂ ಕೇಂದ್ರ ಪಾಲಿಕೆಯಲ್ಲೇ ಇವೆ. ಅಂದು ಸೇರಿದ ದಂಡು, ಪೇಟೆಯ ನಟ್ಟನಡುವಿನ ಭಾಗ ಈ ಸಲದ ಪಾಲಿನಲ್ಲೂ ಬೇರೆಯಾಗಲಿಲ್ಲ. ನನಗಂತೂ ಅದು ಸಂತೋಷದ ಸುದ್ದಿ.

ಈ ವಾರದ ಕೆಲಸ: ನಿಮ್ಮ ಬೀದಿಯಲ್ಲಿ ಎಷ್ಟು ಭಾಷೆಗಳಿವೆ, ಎಣಿಸಿ. ಆಮೇಲೆ ಮನೆಯ ಹಿರಿಯರನ್ನು ಎರಡು ಪ್ರಶ್ನೆ ಕೇಳಿ. ನಮ್ಮವರು ಈ ಬಡಾವಣೆಗೆ ಯಾವಾಗ, ಯಾಕೆ ಬಂದರು? ಅವರಿಗೆ ಮೊದಲು ನೆರವಾದ ನೆರೆಯವರು ಯಾರು? ಉತ್ತರವನ್ನು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ. ತಾತ, ಅಜ್ಜಿಯರೇ, ಮೊಮ್ಮಕ್ಕಳು ಕೇಳುವವರೆಗೆ ಕಾಯಬೇಡಿ, ನೀವೇ ಹೇಳಿ.

ಮುಂದಿನ ವಾರ 1950.