ಸಂಧಾನಕ್ಕೆ ಮೊದಲು ಪ್ರಾಣರಕ್ಷಣೆ

ಗಂಡಹೆಂಡಿರ ಜಗಳವು ಉಂಡು ಮಲಗುವ ತನಕ ಎಂಬ ಗಾದೆಯನ್ನು ನಮ್ಮಲ್ಲಿ ಎಷ್ಟೋ ಠಾಣೆಗಳೂ ಊರ ಹಿರಿಯರೂ ಇಂದಿಗೂ ಶಾಸನವೆಂಬಂತೆ ಪಾಲಿಸುತ್ತಿರುವುದು ಖೇದಕರವಾದ ಸಂಗತಿಯಾಗಿದೆ. ಪೆಟ್ಟು ತಿಂದು ಬಂದವಳಿಗೆ ಬುದ್ಧಿವಾದ ಹೇಳಿ, ಗಂಡನಿಂದ ಮುಚ್ಚಳಿಕೆ ಬರೆಯಿಸಿಕೊಂಡು, ಅದೇ ಸಂಜೆ ಅದೇ ಮನೆಗೆ ಕಳುಹಿಸುವುದು ಪರೋಪಕಾರವೆಂದು ಅನೇಕ ಸದ್ಗೃಹಸ್ಥರು ಭಾವಿಸಿದ್ದಾರೆ. ಆ ರಾತ್ರಿ ಅವಳ ಪ್ರಾಣಕ್ಕೆ ಅಪಾಯವುಂಟೇ ಎಂದು ವಿಚಾರಿಸುವವರು ವಿರಳ.

ಕಾನೂನಾದರೋ ಹಾಗೆ ವಿಚಾರಿಸಲೇಬೇಕೆಂದು ವಿಧಿಸಿದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ಸಂರಕ್ಷಿಸುವ 2005ರ ಅಧಿನಿಯಮವು 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ ನಿಯಮಗಳ ಪ್ರಕಾರ ಸಂರಕ್ಷಣಾಧಿಕಾರಿಯು ಸನ್ನಿವೇಶದ ಅಪಾಯಗಳನ್ನು ಅಂದಾಜು ಮಾಡಿ, ನೊಂದವಳೊಡನೆ ಸಮಾಲೋಚಿಸಿ, ಐದನೆಯ ನಮೂನೆಯಲ್ಲಿ ಸುರಕ್ಷತಾ ಯೋಜನೆಯನ್ನು ಬರೆಯತಕ್ಕದ್ದು. ನಡೆದ ಹಿಂಸೆ ಯಾವುದು, ಅದರ ಪರಿಣಾಮವೇನು, ಮುಂದೆ ಅವಳಿಗಿರುವ ಭಯವೇನು, ರಕ್ಷಣೆಗೆ ಬೇಕಾದ ಉಪಾಯಗಳಾವುವು, ನ್ಯಾಯಾಲಯದಿಂದ ಬೇಕಾದ ಆಜ್ಞೆ ಯಾವುದು ಎಂಬುವೇ ಆ ನಮೂನೆಯ ಅಂಕಣಗಳು.

ಅಪಾಯವನ್ನು ಅಳೆಯುವುದು ಅಗಮ್ಯವಾದ ವಿದ್ಯೆಯಲ್ಲ. ಅಮೆರಿಕೆಯ ಶುಶ್ರೂಷಾಶಾಸ್ತ್ರಜ್ಞೆ ಜಾಕ್ವೆಲಿನ್ ಕ್ಯಾಂಪ್‌ಬೆಲ್ ಅವರು 1980ರ ದಶಕದಲ್ಲಿಯೇ ಇದಕ್ಕಾಗಿ ಪ್ರಶ್ನಾವಳಿಯೊಂದನ್ನು ರಚಿಸಿದರು. ಹೊಡೆತವು ಇತ್ತೀಚೆಗೆ ಹೆಚ್ಚಿದೆಯೇ? ಕೊಲ್ಲುವೆನೆಂದು ಬೆದರಿಸಿದ್ದಾನೆಯೇ? ಆಯುಧವನ್ನು ಎತ್ತಿದ್ದಾನೆಯೇ? ಕುತ್ತಿಗೆ ಹಿಸುಕಿದ್ದಾನೆಯೇ? ಕುತ್ತಿಗೆ ಹಿಸುಕುವುದು ಮುಂದಿನ ಕೊಲೆಯ ಮುನ್ಸೂಚನೆಯೆಂದು ಸಂಶೋಧನೆಗಳಿಂದ ಸಿದ್ಧವಾಗಿದೆ. ಗಾಯದ ಗುರುತು ಕಾಣದೆಂದು ಇದನ್ನು ಲಘುವಾಗಿ ಎಣಿಸುವುದು ಮಹಾಪ್ರಮಾದ. ಹೆಂಡತಿಯು ಮನೆಯನ್ನು ಬಿಟ್ಟು ಹೊರಟ ಕಾಲವೇ ಅತ್ಯಂತ ಗಂಡಾಂತರದ್ದೆಂಬುದೂ ಅಷ್ಟೇ ನಿಶ್ಚಿತ. ಎಂದರೆ, ಅವಳು ಠಾಣೆಯ ಮೆಟ್ಟಲನ್ನು ಹತ್ತುವ ದಿನವೇ ಎಚ್ಚರವು ಹೆಚ್ಚಬೇಕಾದ ದಿನ.

ಇನ್ನೊಂದು ಮಾತನ್ನು ಅಧಿಕಾರಿಗಳು ನೆನಪಿನಲ್ಲಿಡಬೇಕು. ಅವಳು ಭಯವಿದೆಯೆಂದರೆ ಅದನ್ನು ನಂಬತಕ್ಕದ್ದು. ಭಯವಿಲ್ಲವೆಂದರೆ ಅಷ್ಟರಿಂದಲೇ ನಿಶ್ಚಿಂತರಾಗತಕ್ಕದ್ದಲ್ಲ. ಕೊಲೆಯ ಅಂಚಿನವರೆಗೆ ಹೋಗಿ ಬಂದವರಲ್ಲಿ ಅನೇಕರು ತಮ್ಮ ಅಪಾಯವನ್ನು ಕಡಿಮೆಯೆಂದೇ ತಿಳಿದಿದ್ದರು. ಗಂಡನೂ ಅತ್ತೆಮಾವಂದಿರೂ ಎದುರಿಗೆ ಕುಳಿತಿರುವಾಗ ಕೇಳಿದ ಪ್ರಶ್ನೆಗೆ ಬಂದ ಉತ್ತರವಂತೂ ಉತ್ತರವೇ ಅಲ್ಲ.

ಈ ಕಾರ್ಯವನ್ನು ಮಾಡುವವರು ಯಾರು? ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಅಂಗನವಾಡಿಗಳ ಭಾರದ ಮೇಲೆ ಈ ಹೊಣೆಯನ್ನೂ ಹೊರಿಸಲಾಗಿದೆ. ಜಿಲ್ಲೆ ತಾಲ್ಲೂಕುಗಳ ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಗೊತ್ತುಪಡಿಸಿರೆಂದು 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವೇ ರಾಜ್ಯಗಳಿಗೆ ಆದೇಶಿಸಬೇಕಾಯಿತೆಂದರೆ, ಸರಕಾರಗಳ ಔದಾಸೀನ್ಯಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ರಾಜ್ಯದಲ್ಲಿ ವಿವಾಹಿತೆಯರ ಪೈಕಿ ಶೇಕಡಾ 44 ಮಂದಿ ಪತಿಯ ಹಿಂಸೆಯನ್ನು ಅನುಭವಿಸಿದವರು. ದೇಶದಲ್ಲಿ ಹಿಂಸೆಗೊಳಗಾದವರಲ್ಲಿ ನೆರವು ಬೇಡಿದವರು ಶೇಕಡಾ 14 ಮಂದಿ ಮಾತ್ರ. ಇಷ್ಟು ವಿರಳವಾಗಿ ಬರುವವರನ್ನೂ ಸಮಾಧಾನದ ಮಾತಿನಿಂದ ಹಿಂದಕ್ಕೆ ಕಳುಹಿಸುವುದು ನ್ಯಾಯವೇ?

ಆದಕಾರಣ ನಮ್ಮ ಸೂಚನೆಯು ಸ್ಪಷ್ಟವಾಗಿದೆ. ಸಂಧಾನದ ಮಾತೆತ್ತುವ ಮೊದಲು ಅವಳನ್ನು ಏಕಾಂತದಲ್ಲಿ ವಿಚಾರಿಸಿ ಅಪಾಯವನ್ನು ಬರಹದಲ್ಲಿ ದಾಖಲಿಸಬೇಕು. ಅಪಾಯವು ಕಂಡಲ್ಲಿ, ಎದುರು ಪಕ್ಷದವರನ್ನು ಕಾಯದೆಯೇ ಮಧ್ಯಂತರ ಆಜ್ಞೆಯನ್ನು ಕೊಡಲು ಮ್ಯಾಜಿಸ್ಟ್ರೇಟರಿಗೆ 23ನೆಯ ಪ್ರಕರಣದಲ್ಲಿರುವ ಅಧಿಕಾರವನ್ನು ಉಪಯೋಗಿಸಿಕೊಳ್ಳಬೇಕು. ಅವಳು ಆಶ್ರಯ ಪಡೆದ ಸ್ಥಳದ ವಿಳಾಸವು ಗಂಡನ ಕಡೆಯವರ ಕಿವಿಗೆ ಬೀಳಕೂಡದು. ತಾಲ್ಲೂಕಿಗೊಬ್ಬ ಪೂರ್ಣಾವಧಿಯ ಸಂರಕ್ಷಣಾಧಿಕಾರಿಯನ್ನು ಸರಕಾರದವರು ನೇಮಿಸಬೇಕು. ಸಂಸಾರವು ಉಳಿಯಲೆಂಬ ಆಶೆಯು ನಮಗೂ ಉಂಟು. ಆದರೆ ಸಂಸಾರವನ್ನು ಉಳಿಸುವ ಹೆಸರಿನಲ್ಲಿ ಹೆಂಗಸಿನ ಪ್ರಾಣವನ್ನು ಪಣಕ್ಕಿಡುವ ಅಧಿಕಾರವು ಯಾರಿಗೂ ಇಲ್ಲ.